ಸೂತ್ರಕ್ಕೆ ತಕ್ಕ ಬ್ರಾಕೆಟ್

ನಮ್ಮ ಆದೋನಿ, ಹೊಳಗುಂದ, ಹಾಲಹರ್ವಿ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಘಟಕ ಪರೀಕ್ಷೆಯ ಪತ್ರಿಕೆಯನ್ನು ಎಷ್ಟೋ ಸಲ ನಾವೇ ಟೈಪ್ ಮಾಡ್ತೀವಿ. ವಾಕ್ಯಗಳು ಸರಾಗವಾಗಿ ಬರ್ತವೆ. ತೊಡಕು ಬರೋದು ಸೂತ್ರದಲ್ಲಿ.

1. ಒಂದೇ ಸಾಲಿನ ಸೂತ್ರ
2 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದೆ. ಒಟ್ಟು ರೋಧಕ್ಕೆ ಬೋರ್ಡಿನಲ್ಲಿ ಗುಣಲಬ್ಧ ಮೇಲೆ, ಮೊತ್ತ ಕೆಳಗೆ ಬರೀತೀವಿ. ನಡುವಿನ ಗೆರೆಯೇ ಬ್ರಾಕೆಟ್ಟಿನ ಕೆಲಸ ಮಾಡುತ್ತೆ. ಅದನ್ನೇ 2×3/2+3 ಅಂತ ಒಂದೇ ಸಾಲಲ್ಲಿ ಟೈಪ್ ಮಾಡಿದರೆ ಉತ್ತರ 6 ಆಗುತ್ತೆ. ಸರಿಯಾದದ್ದು:

(2×3)/(2+3) = 1.2 ಓಮ್

ಸಮಾಂತರ ಜೋಡಣೆಯ ಒಟ್ಟು ರೋಧ ಅತಿ ಚಿಕ್ಕ ರೋಧಕ್ಕಿಂತ ಕಡಿಮೆ ಇರಲೇಬೇಕು. ಆದರೆ ಅಚ್ಚಾದದ್ದನ್ನು ನಂಬಿ, ಲೆಕ್ಕದ ನಿಯಮ ಪಾಲಿಸಿದ ಮಗುವೇ ಇಲ್ಲಿ ಅಂಕ ಕಳಕೊಳ್ಳುತ್ತೆ.

2. ಬ್ರಾಕೆಟ್ಟಿನ ಎತ್ತರ
ಮೇಲೆ 3, ಕೆಳಗೆ 2 ಇರುವ ಭಿನ್ನರಾಶಿಯ ವರ್ಗ ಬರೆಯುವಾಗ ಬ್ರಾಕೆಟ್ ಪೂರ್ತಿ ಭಿನ್ನರಾಶಿಯನ್ನು ಅಪ್ಪಿರಬೇಕು:

⎛ 3 ⎞²
⎜ ― ⎟  = 2.25
⎝ 2 ⎠

ಬ್ರಾಕೆಟ್ ಚಿಕ್ಕದಾಗಿ ಮೇಲಿನ 3ಕ್ಕೆ ಮಾತ್ರ ಅಂಟಿದರೆ ಅದು 9/2, ಅಂದರೆ 4.5.

3. ಭಾಷೆಯ ಸೂತ್ರಕ್ಕೂ ಇದೇ ಮಾತು
ಆದೇಶ ಸಂಧಿಯಲ್ಲಿ ಉತ್ತರಪದದ ಮೊದಲ ವ್ಯಂಜನ ಹೀಗೆ ಬದಲಾಗುತ್ತೆ:

⎧ ಕ ⎫      ⎧ ಗ ⎫
⎨ ತ ⎬  →  ⎨ ದ ⎬
⎩ ಪ ⎭      ⎩ ಬ ⎭

ಮಳೆ+ಕಾಲ=ಮಳೆಗಾಲ, ಬೆಟ್ಟ+ತಾವರೆ=ಬೆಟ್ಟದಾವರೆ, ಕಣ್+ಪನಿ=ಕಂಬನಿ. ಎಡದ ಮೊದಲನೆಯದಕ್ಕೆ ಬಲದ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು. ಸಮಸಂಖ್ಯೆಯ ಪಟ್ಟಿಗಳನ್ನು ಕ್ರಮವಾಗಿ ಹೊಂದಿಸಬೇಕೆಂಬ ಸೂತ್ರ ಪಾಣಿನಿಯ ಅಷ್ಟಾಧ್ಯಾಯಿಯಲ್ಲೇ ಇದೆ (1.3.10). ದೊಡ್ಡ ಬ್ರಾಕೆಟ್ ಮೂರು ಸಾಲನ್ನೂ ಒಂದೇ ನಿಯಮವಾಗಿ ಹಿಡಿದಿಡುತ್ತೆ.

4. ಟೈಪ್ ಮಾಡುವಾಗ
● ಬ್ರಾಕೆಟ್ಟಿನ ಫಾಂಟ್ ಸೈಜ್ ಮಾತ್ರ ಹೆಚ್ಚಿಸಬೇಡಿ. ಗೆರೆ ದಪ್ಪ ಆಗುತ್ತೆ, ಸಾಲೂ ಕದಲುತ್ತೆ.
● ವರ್ಡ್‌ನಲ್ಲಿ ಆಲ್ಟ್ ಹಿಡಿದು = ಒತ್ತಿ, ಈಕ್ವೇಶನ್ ಪೆಟ್ಟಿಗೆಯಲ್ಲಿ ಬ್ರಾಕೆಟ್ ಆರಿಸಿ. ಒಳಗಿನದು ಬೆಳೆದಂತೆ ಅದೂ ಬೆಳೆಯುತ್ತೆ.
● ಲೇಟೆಕ್‌ನಲ್ಲಿ ಲೆಫ್ಟ್, ರೈಟ್ ಆಜ್ಞೆಗಳು ಜೋಡಿಯಾಗೇ ಇರಬೇಕು. ಒಂದು ಕಡೆ ಬ್ರಾಕೆಟ್ ಬೇಡವಾದರೆ ಅಲ್ಲಿ ಚುಕ್ಕಿ ಇಡಿ.
● ಸೂತ್ರದೊಳಗಿನ ಕನ್ನಡ ಯೂನಿಕೋಡ್‌ನಲ್ಲಿರಲಿ. ನುಡಿಯ ಹಳೆ ಫಾಂಟಿನ ಅಕ್ಷರ ಅಲ್ಲಿ ಕೆಡುತ್ತೆ.

ತರಗತಿಗೆ ಅಭ್ಯಾಸ: 12/2×3 ಮತ್ತು 12/(2×3), ಎರಡನ್ನೂ ಮಕ್ಕಳಿಂದ ಬಿಡಿಸಿ. 18 ಮತ್ತು 2 ಬಂದಾಗ ವ್ಯತ್ಯಾಸ ಎಲ್ಲಿಂದ ಬಂತು ಅಂತ ಅವರೇ ಹೇಳಲಿ. ಪತ್ರಿಕೆ ಝೆರಾಕ್ಸಿಗೆ ಕೊಡುವ ಮುಂಚೆ ನಾವೂ ಪ್ರತಿ ಸೂತ್ರವನ್ನು ಅಚ್ಚಾದ ಹಾಗೇ ಒಮ್ಮೆ ಬಿಡಿಸಿ ನೋಡೋಣ.