ಬಾಯಿಪಾಠದ ಪ್ರಾರ್ಥನೆ

ಪಾರ್ಶ್ವವಾಯು ಬಡಿದಾಗ ನಮ್ಮ ಯಜಮಾನರ ಬಲಗೈ, ಬಲಗಾಲಿನ ಜೊತೆ ಮಾತೂ ಹೋಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹಾಗಾಗುವುದುಂಟು ಎಂದರು ಡಾಕ್ಟರು. ನಾವು ಹೇಳಿದ್ದು ಅವರಿಗೆ ಬಹುಪಾಲು ತಿಳಿಯುತ್ತಿತ್ತು. ಉತ್ತರ ಹೇಳಹೊರಟರೆ ಮಾತ್ರ 'ತ ತ ತ' ಎಂಬುದೊಂದೇ ಬಾಯಿಗೆ ಬರುತ್ತಿತ್ತು. ನೀರು ಬೇಕಾದರೂ ಅದೇ, ಮಗ್ಗುಲು ಬದಲಿಸಬೇಕಾದರೂ ಅದೇ, ಫ್ಯಾನು ಜೋರಾಯಿತು ಎನ್ನಲೂ ಅದೇ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವರು. ಊರಿಗೆಲ್ಲ ಮಾಸ್ಟ್ರು.

ನಮ್ಮದು ಬಾಸೆಲ್ ಮಿಷನ್ ಕಾಲದ ಕುಟುಂಬ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದ ಮೇಲೆ ಹುಟ್ಟಿದ ಸಭೆಗಳಲ್ಲಿ ನಮ್ಮ ಹಿರಿಯರದ್ದೂ ಒಂದು. ದೀಪ ಹಾಕುವ ಹೊತ್ತಿಗೆ ಒಂದು ಹಾಡು, ಸತ್ಯವೇದದ ಒಂದು ಅಧ್ಯಾಯ, ಯಾರಾದರೊಬ್ಬರ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಅಡುಗೆಮನೆಯಲ್ಲಿ ತುಳು ಮಾತಾಡುವ ನಾವು ಈ ಅರ್ಧ ಗಂಟೆ ಕನ್ನಡದವರಾಗುತ್ತೇವೆ. 1847ರಲ್ಲೇ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಗಿತ್ತಾದರೂ ನಮ್ಮ ಮನೆಯಲ್ಲಿ ದೇವರ ಮುಂದೆ ಕನ್ನಡವೇ. ಪಕ್ಕದ ಕ್ಯಾಥೋಲಿಕರ ಮನೆಯಿಂದ ಅದೇ ಹೊತ್ತಿಗೆ ಕೊಂಕಣಿಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಕೇಳುತ್ತದೆ. ಒಮ್ಮೊಮ್ಮೆ ಅವರ ದನಿ ಮೇಲಾದರೆ ನಾವು ಶ್ರುತಿ ಏರಿಸುವುದೂ ಇದೆ.

ಆಸ್ಪತ್ರೆಯಿಂದ ಬಂದ ಮೇಲೆ ಈ ಪ್ರಾರ್ಥನೆಯನ್ನು ಅವರ ಮಂಚದ ಪಕ್ಕಕ್ಕೆ ತಂದೆವು. ಒಂದು ಸಂಜೆ ನಾನು ಹಾಡು ಎತ್ತಿಕೊಂಡೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮಂಚದಿಂದ ಇನ್ನೊಂದು ದನಿ ಸೇರಿತು. ಸೊಸೆ ಹಾಡುವುದನ್ನೇ ನಿಲ್ಲಿಸಿಬಿಟ್ಟಳು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅದೂ ನಿಂತೀತೆಂದು ಹೆದರಿಕೆ. ಪದಗಳು ಅರ್ಧಂಬರ್ಧ ಇದ್ದವು, ಆದರೆ ಪದಗಳೇ. ಕರ್ತನ ಪ್ರಾರ್ಥನೆಯನ್ನಂತೂ ಆಮೆನ್ ತನಕ ನಮ್ಮ ಜೊತೆ ಮುಗಿಸಿದರು. ಮುಗಿದ ಕೂಡಲೇ ಆಸೆಯಿಂದ, 'ನೀರು ಕೊಡಲಾ?' ಎಂದೆ. 'ತ ತ ತ' ಎಂದರು.

ಮಾತಿನ ಚಿಕಿತ್ಸೆಗೆ ಬರುತ್ತಿದ್ದ ಹುಡುಗಿ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ. ಹೊಸದಾಗಿ ಒಂದು ವಾಕ್ಯ ಕಟ್ಟುವುದು ಬೇರೆ ಕೆಲಸ, ರೂಢಿಯಾದದ್ದು ತಾನಾಗಿ ಹೊರಡುವುದು ಬೇರೆ ಎಂದು ವಿವರಿಸಿದಳು. ಮಾತು ಹೋದವರಲ್ಲೂ ಒಂದೆರಡು ಎಣಿಸುವುದು, ವಾರದ ಹೆಸರು, ಬಾಯಿಪಾಠದ ಪ್ರಾರ್ಥನೆ, ಹಳೆಯ ಹಾಡು ಎಷ್ಟೋ ಸಲ ಉಳಿದಿರುತ್ತವೆ. ಇದನ್ನೇ ಹಿಡಿದು, ಬೇಕಾದ ಮಾತನ್ನು ರಾಗದಲ್ಲಿ ಹೇಳಿಸುವ ಚಿಕಿತ್ಸೆಯೊಂದನ್ನು 1973ರಲ್ಲಿ ಅಮೆರಿಕದಲ್ಲಿ ರೂಪಿಸಿದ್ದಾರೆ. 'ಬೈಗುಳವೂ ಉಳಿಯುತ್ತದೆ ಆಂಟಿ' ಎಂದು ನಗುತ್ತಾ ಸೇರಿಸಿದಳು. ಅದಕ್ಕೂ ನಮ್ಮಲ್ಲಿ ಸಾಕ್ಷಿ ಸಿಕ್ಕಿತು. ಫಿಸಿಯೋಥೆರಪಿಯವ ಭುಜ ಎತ್ತಿದಾಗ ನಮ್ಮ ಮಾಸ್ಟ್ರು ಸ್ಪಷ್ಟ ತುಳುವಿನಲ್ಲಿ ಒಂದು ಮಾತು ಅಂದರು. ಸಭೆಯ ಹಿರಿಯರೊಬ್ಬರು ಅಲ್ಲೇ ಕುಳಿತು ಚಾ ಕುಡಿಯುತ್ತಿದ್ದರು.

ಹಾಡಿದ ಸುದ್ದಿ ಹಬ್ಬಿ ಕೆಲವರು ಬಂದರು. ಇದು ಅದ್ಭುತಕಾರ್ಯ, ಭಾನುವಾರ ಸಾಕ್ಷಿ ಹೇಳಬೇಕು ಎಂದು ಒತ್ತಾಯಿಸಿದರು. ನಾನು ಒಪ್ಪಲಿಲ್ಲ. ಮೆದುಳಿನ ರೀತಿಯೇ ಹಾಗೆ ಎಂದು ತಿಳಿದ ಮೇಲೆ ಅದನ್ನು ಮುಚ್ಚಿಟ್ಟು ದೇವರಿಗೆ ಮಹಿಮೆ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಆ ಹಾಡು ಅವರೊಳಗೆ ಉಳಿದಿತ್ತು ಎಂದರೆ ಯಾರೋ ಇಟ್ಟಿದ್ದರು ಎಂದಾಯಿತಲ್ಲ. ಇಟ್ಟವರು ನಮ್ಮ ಅತ್ತೆ. ಮೊರದ ಮುಂದೆ ಬೀಡಿ ಕಟ್ಟುತ್ತಾ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೀರ್ತನೆಗಳನ್ನು ಹೇಳಿಸುತ್ತಿದ್ದರಂತೆ, ತಪ್ಪಿದವರು ಮೊದಲಿಂದ ಹೇಳಬೇಕು. ಮುಂದೆ ಮಗನಿಗೆ ಹೀಗಾದೀತು ಎಂದು ಅವರೇನು ಕನಸು ಕಂಡಿದ್ದರೇ? ಮಕ್ಕಳು ಗಲಾಟೆ ಮಾಡದೆ ಕೂರಲಿ ಎಂಬ ಲೆಕ್ಕವೂ ಇದ್ದಿರಬೇಕು.

ಬಾಯಿಪಾಠದ ಪ್ರಾರ್ಥನೆ ಸತ್ತ ಪ್ರಾರ್ಥನೆ, ಹೃದಯದಿಂದ ನಮ್ಮದೇ ಮಾತು ಬರಬೇಕು ಎಂದು ಈಗಿನ ಹುಡುಗರು ಹೇಳುತ್ತಾರೆ. ಮಾತು ಬರುವ ದಿನಗಳಲ್ಲಿ ಅದು ಸರಿಯೇ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು, ಬೆನ್ನು ಹುಣ್ಣಾಗದಂತೆ ಅವರನ್ನು ಹೊರಳಿಸಿ ದಿಂಬು ಕೊಡುವಾಗ ಪಾರ್ಶ್ವವಾಯು ಇಲ್ಲದ ನನ್ನ ಬಾಯಲ್ಲೂ ನನ್ನದೆಂಬ ಒಂದು ಮಾತೂ ಇರುತ್ತಿರಲಿಲ್ಲ. ಆಗ ಕೀರ್ತನೆಗಳ ಪುಸ್ತಕ ಹಿಡಿದೆ. 119ನೆಯದಕ್ಕೆ 176 ವಚನ, ಅದು ರಾತ್ರಿಗೆ ಹೇಳಿದ್ದಲ್ಲ. 117ನೆಯದು ಎರಡೇ ವಚನ. ಎಷ್ಟೋ ರಾತ್ರಿ ಅದೊಂದನ್ನು ಹೇಳಿ ಮಲಗಿದ್ದೇನೆ, ದೇವರು ಉದ್ದ ಅಳೆಯಲಾರ ಎಂಬ ಧೈರ್ಯದಿಂದ.

ನನಗೆ ಹೆಚ್ಚು ಆಸರೆಯಾದದ್ದು 88ನೆಯದು. ಬೇರೆ ದೂರಿನ ಕೀರ್ತನೆಗಳು ಹೆಚ್ಚಾಗಿ ಅತ್ತು ಕರೆದು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಯಾರೂ ಅದನ್ನು ತೆಗೆದುಹಾಕಲಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ. 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಂಥ ದೂರುಗಳೇ. 1831ರಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಇಡೀ ಸತ್ಯವೇದವನ್ನು ಕನ್ನಡದಲ್ಲಿ ಮುದ್ರಿಸಿದಂದಿನಿಂದ ಈ ದೂರುಗಳೂ ನಮ್ಮ ಕೈಯಲ್ಲಿವೆ. ಆದರೂ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ನಡೆಯುವುದು ಸ್ತೋತ್ರ ಮತ್ತು ಬಿನ್ನಹ ಎರಡೇ. ದೇವರ ಮೇಲೆ ಸಿಟ್ಟಿದ್ದವರು ಮನೆಗೆ ಹೋಗಿ ಹೇಳಿಕೊಳ್ಳಬೇಕು.

ಬಂದವರಲ್ಲಿ ಒಬ್ಬರು, ನಂಬಿಕೆ ಬಲವಾಗಿದ್ದರೆ ಮಾಸ್ಟ್ರು ಎದ್ದು ನಡೆಯುತ್ತಿದ್ದರು ಎಂದು ಮಂಚದ ಪಕ್ಕದಲ್ಲೇ ನಿಂತು ಹೇಳಿದರು. ಅವರಿಗೆ ಕಿವಿ ಕೇಳುತ್ತದೆ ಎಂದು ನಾನು ನೆನಪಿಸಬೇಕಾಯಿತು. ತನ್ನ ಶರೀರದಲ್ಲಿ ನಾಟಿದ ಮುಳ್ಳು ತೆಗೆ ಎಂದು ಅಪೊಸ್ತಲ ಪೌಲನೇ ಮೂರು ಸಲ ಬೇಡಿದರೂ ದೇವರು ತೆಗೆಯಲಿಲ್ಲವಲ್ಲ. ಯೋಬನ ಸ್ನೇಹಿತರು ಆಮೇಲೆ ಏನೇನೋ ವಾದಿಸಿ ಕೆಟ್ಟರು, ಆದರೆ ಮೊದಲ ಏಳು ದಿನ ಮಾತಾಡದೆ ನೆಲದ ಮೇಲೆ ಜೊತೆಗೆ ಕೂತಿದ್ದರು. ನಮ್ಮಲ್ಲಿಗೂ ಅಂಥವರು ಬಂದರು. ಅನ್ಯೋನ್ಯ ಕೂಟದ ಅಕ್ಕ ಒಬ್ಬರು ಬಂದರೆ ಮೊದಲು ತರಕಾರಿ ಹೆಚ್ಚಿಡುತ್ತಾರೆ, ಆಮೇಲೆ ಒಂದೇ ಹಾಡು, ಹೊರಟರು. ಸಭಾಪಾಲಕರು ಪವಿತ್ರ ಭೋಜನ ತಂದಾಗ ಇವರಿಗೆ ನುಂಗುವುದು ಕಷ್ಟ ಎಂದು ನಾನು ಸಂಕೋಚದಿಂದ ಹೇಳಿದೆ. ರೊಟ್ಟಿಯ ಕಡಲೆಕಾಳಿನಷ್ಟು ಚೂರನ್ನು ಪಾತ್ರೆಯಲ್ಲಿ ಅದ್ದಿ ಮೆತ್ತಗಾಗುವ ತನಕ ಕಾದು, ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ ಕೊಟ್ಟರು. ಉಪದೇಶ ಮಾಡಲಿಲ್ಲ.

ನಮ್ಮ ಹಾಡಿನ ರಾಗಗಳಲ್ಲಿ ಎಷ್ಟೋ ಜರ್ಮನಿಯಿಂದ ಬಂದವು. ಬೆಳೆ ಹಬ್ಬ ಬಂದಾಗಲೆಲ್ಲ ಇವರು ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿಯ ಕಥೆ ಹೇಳುತ್ತಿದ್ದರು. ಮೂವತ್ತು ವರ್ಷಗಳ ಯುದ್ಧದ ನಡುವೆ, 1637ರಲ್ಲಿ ಐಲೆನ್‌ಬುರ್ಗ್ ಊರಿಗೆ ಪ್ಲೇಗು ಬಂದಾಗ ಆತ ಸಾವಿರಾರು ಜನರನ್ನು ಮಣ್ಣುಮಾಡಿದ, ಅವರಲ್ಲಿ ಅವನ ಹೆಂಡತಿಯೂ ಇದ್ದಳು. ಇಂದು ಲೋಕವೆಲ್ಲ ದೊಡ್ಡ ಸಮಾರಂಭಗಳಲ್ಲಿ ಹಾಡುವ ಅವನ ಕೃತಜ್ಞತೆಯ ಹಾಡು ಮೊದಲು ಮನೆಮಂದಿ ಊಟದ ಹೊತ್ತಿಗೆ ಹೇಳಲೆಂದು ಬರೆದದ್ದಂತೆ. ಈಗ ಕಥೆ ಹೇಳಲು ಇವರಿಗಾಗದು, ಮೊಮ್ಮಗ ತಪ್ಪು ತಪ್ಪಾಗಿ ಹೇಳಿದಾಗ ತಲೆ ಅಲ್ಲಾಡಿಸಿ ತಿದ್ದುತ್ತಾರೆ.

ಮಾತು ಪೂರ್ತಿ ಮರಳಿಲ್ಲ. ಕಾಫಿ, ಸಾಕು, ಬಾ ಎಂಬ ಕೆಲವು ಪದಗಳು ರಾಗದಲ್ಲಿ ಬರುತ್ತವೆ, ಸಿಟ್ಟು ಬಂದರೆ ಅವೂ ಇಲ್ಲ. ಪ್ರಾರ್ಥನಾ ಕೂಟದವರು ಯಾವ ವಿಷಯಕ್ಕೆ ಪ್ರಾರ್ಥಿಸಬೇಕು ಎಂದು ಕೇಳಿದರೆ ಮೊದಲು 'ಗುಣವಾಗಲಿ' ಎಂದಷ್ಟೇ ಹೇಳುತ್ತಿದ್ದೆ. ಈಗ ಬೇಕಾದ್ದನ್ನೇ ಹೇಳುತ್ತೇನೆ: ಫಿಸಿಯೋಥೆರಪಿಯವ ಹೇಳಿದ ಹೊತ್ತಿಗೆ ಬರಲಿ, ನನ್ನ ಸೊಂಟ ಇನ್ನಷ್ಟು ಕಾಲ ತಾಳಲಿ, ಇವರಿಗೆ ಹೊಟ್ಟೆ ಕಟ್ಟದಿರಲಿ. ಕೊನೆಯದನ್ನು ಕೇಳಿ ಹಿಂದಿನ ಸಾಲಿನ ಹುಡುಗಿಯರು ನಕ್ಕರು. ಪ್ರಾರ್ಥಿಸುವ ಸರದಿ ಬಂದ ಅಜ್ಜ ಮಾತ್ರ ಮೂರನ್ನೂ ಒಂದೊಂದಾಗಿ, ಹೊಟ್ಟೆಯ ಹೆಸರನ್ನೂ ಬಿಡದೆ, ಗಟ್ಟಿ ದನಿಯಲ್ಲಿ ದೇವರಿಗೆ ಒಪ್ಪಿಸಿದರು.