ಬಿಟ್ಟದ್ದು ಸೆಮಿಸ್ಟರ್, ಸೀಟಲ್ಲ

ನನಗೆ ಕಾಯಿಲೆ ಇಲ್ಲ ಎಂದು ಕಾಲೇಜಿನವರು ಯಾವತ್ತೂ ಹೇಳಲಿಲ್ಲ. ತಕರಾರು ಇದ್ದದ್ದು, ಕಾಯಿಲೆ ಬಂದಾಗ ನಾನು ಬಿಟ್ಟದ್ದೇನು ಎಂಬುದರಲ್ಲಿ. ಒಂದು ಸೆಮಿಸ್ಟರ್ ಬಿಟ್ಟಿದ್ದಾಳೆ ಎಂದು ನಮ್ಮ ಮನೆಯವರು, ಸೀಟನ್ನೇ ಬಿಟ್ಟಿದ್ದಾಳೆ ಎಂದು ಕಾಲೇಜಿನವರು. ಉಯ್ಯಂಬಳ್ಳಿ ಕಡೆಯಿಂದ ಬೆಂಗಳೂರಿಗೆ ಓದಲು ಹೋಗುವ ಮಕ್ಕಳ ಅಪ್ಪ ಅವ್ವಂದಿರಿಗೆ ಇವೆರಡರ ನಡುವಿನ ಅಂತರ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

2024ರ ಅಕ್ಟೋಬರ್. ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಹೊತ್ತು ಮುಳುಗಿದರೆ ಜ್ವರ, ಬಿಡದ ಕೆಮ್ಮು, ಬಟ್ಟೆಗಳೆಲ್ಲ ಸಡಿಲ. ಕಫ ಪರೀಕ್ಷೆಯಲ್ಲಿ ಟಿಬಿ ಎಂದು ಬಂತು. ಆರು ತಿಂಗಳ ಮಾತ್ರೆ: ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು ಬಗೆಯದು. ಮಾತ್ರೆ ಸರ್ಕಾರದ್ದೇ, ಉಚಿತ. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದದ್ದು ಆ ನವೆಂಬರ್‌ನಿಂದ 1000 ಆಗಿತ್ತು. ಮೂತ್ರ ಕೆಂಪಗಾದದ್ದು ಕಂಡು ಅವ್ವ ಅತ್ತೇಬಿಟ್ಟಳು. ಅದು ಮಾತ್ರೆಯ ಬಣ್ಣ ಎಂದು ಆಶಾ ಅಕ್ಕ ಬಂದು ಹೇಳಿದ ಮೇಲೆ ಸುಮ್ಮನಾದಳು. ರೇಷ್ಮೆ ಹುಳುಮನೆಗೆ ಬ್ಲೀಚಿಂಗ್ ಪುಡಿ ಹೊಡೆಯುವ ದಿನ, ವಾಸನೆಗೆ ಕೆಮ್ಮು ಕೆರಳುತ್ತದೆಂದು ನನ್ನನ್ನು ದೊಡ್ಡಮ್ಮನ ಮನೆಗೆ ಕಳಿಸುತ್ತಿದ್ದರು.

ವಿಟಿಯು ನಿಯಮದಂತೆ ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. ಕಾಯಿಲೆಯಂಥ ಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಕುಲಪತಿಗಳು ಶೇ. 10ರವರೆಗೆ ಮನ್ನಾ ಮಾಡಬಹುದು. ಡೆಂಗಿ, ಕಾಮಾಲೆಗೆ ಅಷ್ಟು ಸಾಕಾದೀತು. ಆರು ತಿಂಗಳ ಚಿಕಿತ್ಸೆಗೆ ಎಲ್ಲಿ ಸಾಕು? ಸೆಮಿಸ್ಟರ್ ಬಿಡದೆ ಗತಿಯಿರಲಿಲ್ಲ.

ಗೂಡು ಮಾರಿದ ದುಡ್ಡಿನಲ್ಲಿ ಅಪ್ಪ ಆ ವರ್ಷದ ಫೀಸನ್ನು ಪೂರ್ತಿ ಕಟ್ಟಿದ್ದ. ಸೆಮಿಸ್ಟರ್ ಬಿಡುವ ವಿಷಯ ಹೇಳಲು ಹೋದಾಗ, ಕಾಲೇಜಿನ ಕಚೇರಿಯಲ್ಲಿ ಅವನ ಮುಂದೆ ಅಚ್ಚು ಹಾಕಿದ ಒಂದು ಅರ್ಜಿ ಇಟ್ಟರು. ‘ಸ್ವಇಚ್ಛೆಯಿಂದ ನನ್ನ ಪ್ರವೇಶವನ್ನು ರದ್ದುಪಡಿಸಿಕೊಳ್ಳುತ್ತಿದ್ದೇನೆ’ ಎಂಬ ಒಕ್ಕಣೆ, ಕೆಳಗೆ ಪೋಷಕರ ಸಹಿಗೆ ಜಾಗ. ಇದಕ್ಕೆ ಸಹಿ ಮಾಡಿ, ಉಳಿದ ಎರಡು ವರ್ಷದ ಫೀಸನ್ನೂ ಕಟ್ಟಿದರೆ ಒರಿಜಿನಲ್ ಅಂಕಪಟ್ಟಿ ಕೊಡುತ್ತೇವೆ ಎಂದರು. ಮಗಳು ಉಳಿದರೆ ಸಾಕು ಎಂಬ ಹೊಯ್ದಾಟದಲ್ಲಿದ್ದ ಅಪ್ಪ ಪೆನ್ನು ಕೈಗೆ ತೆಗೆದುಕೊಂಡಿದ್ದ. ಜೊತೆಗಿದ್ದ ಚಿಕ್ಕಪ್ಪ, “ಅಣ್ಣ, ಮನೆಗೆ ತಗೊಂಡೋಗಿ ಓದಿ ಆಮೇಲೆ ಹಾಕಾಣ” ಎಂದ. ನಾನು ಈಗಲೂ ಎಂಜಿನಿಯರಿಂಗ್ ಓದುತ್ತಿರುವುದು ಆ ಮಾತಿನಿಂದ.

ಕನಕಪುರದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ, ಮನೆಯ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಇದು ನಮ್ಮೂರಲ್ಲಿ ಎಷ್ಟು ಜನರಿಗೆ ಗೊತ್ತು? 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ವಕೀಲೆ ಮೇಡಂ ಆ ಅರ್ಜಿ ಓದಿ ಬದಿಗಿಟ್ಟರು. “ದುಡ್ಡು ವಾಪಸ್ ಕೊಡಿ ಅಂತ ಮೊದಲೇ ಬರೀಬೇಡಿ. ಬರೆದ್ರೆ ಕಾಲೇಜು ಬಿಟ್ಟೆ ಅಂತ ನೀವೇ ಒಪ್ಪಿಕೊಂಡಂಗೆ” ಎಂದರು. ಯುಜಿಸಿಯ 2018ರ ಅಧಿಸೂಚನೆಯಲ್ಲಿ ಫೀಸು ವಾಪಸಾತಿಯ ಲೆಕ್ಕವಿದೆ: ಪ್ರವೇಶದ ಕೊನೆಯ ದಿನಾಂಕಕ್ಕಿಂತ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಹಣ, ಆ ದಿನಾಂಕ ಕಳೆದು 30 ದಿನ ದಾಟಿದರೆ ಸೊನ್ನೆ. ನಡುವರ್ಷದಲ್ಲಿ ಮಲಗಿದವರು ಆ ದಾರಿ ಹಿಡಿದರೆ ಕೈಗೆ ಏನೂ ಸಿಗುವುದಿಲ್ಲ. ಊರಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಗ್ರಾಹಕ ನ್ಯಾಯಾಲಯದ ಹೆಸರು. ಅಲ್ಲಿಯೂ ಹಾದಿ ಸಲೀಸಿಲ್ಲ. ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ವಿದ್ಯಾರ್ಥಿ ಗ್ರಾಹಕನಲ್ಲ ಎಂದಿದೆ.

ನಮಗೆ ಬಲ ಬಂದದ್ದು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಿಂದ. ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದ್ದು ಇಷ್ಟು: ಕಾಲೇಜು ಒಂದು ವರ್ಷದ ಅಥವಾ ಒಂದು ಸೆಮಿಸ್ಟರಿನ ಫೀಸನ್ನಷ್ಟೇ ತೆಗೆದುಕೊಳ್ಳಬೇಕು, ನಡುವೆ ಬಿಟ್ಟುಹೋದಾರು ಎಂಬ ಭಯವಿದ್ದರೆ ಹೆಚ್ಚೆಂದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ನಾವು ಯಾವ ಬಾಂಡೂ ಬರೆದುಕೊಟ್ಟಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು ಕಾಲೇಜಿನದೇ ನಿಯಮ ಪುಸ್ತಕದಲ್ಲಿತ್ತು. ಸ್ವಾಯತ್ತ ಕಾಲೇಜುಗಳಲ್ಲಿ ಅನೇಕವು ದೀರ್ಘ ಕಾಯಿಲೆಗೆ ‘ತಾತ್ಕಾಲಿಕ ವಿರಾಮ’ದ ಅವಕಾಶ ಇಟ್ಟಿರುತ್ತವೆ, ಅದಕ್ಕೆ ಅರ್ಜಿಯ ಗಡುವೂ ಇರುತ್ತದೆ. ಗಡುವು ಮೀರಿದರೆ ಎಷ್ಟು ನಿಜವಾದ ಕಾಯಿಲೆಯೂ ಕೆಲಸಕ್ಕೆ ಬಾರದು. ಹಾಸಿಗೆ ಹಿಡಿದವರು ನಿಯಮ ಪುಸ್ತಕ ಹುಡುಕಿ ಓದಬೇಕು ಎಂದು ನಿರೀಕ್ಷಿಸುವ ವ್ಯವಸ್ಥೆ ಇದು. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಆ ವಿರಾಮದ ಅರ್ಜಿ ಬರೆಯುವಾಗ ಮನೆಯಲ್ಲಿ ಬೇರೆಯದೇ ಸಂಕಟ. ಟಿಬಿ ಎಂದು ಬರೆಯಲು ಅವ್ವ ಬಿಡಳು. “ಹೆಣ್ಮಗ, ನಾಳೆ ಯಾರಾದ್ರೂ ಕೇಳಿದ್ರೆ?” ಬರೆಯದಿದ್ದರೆ ಪುರಾವೆಯಿಲ್ಲ; ಬರೆದರೆ ಕಚೇರಿಯ ಪ್ರತಿ ಮೇಜಿನ ಮೇಲೂ ನನ್ನ ಕಾಯಿಲೆ. ದಾರಿ ತೋರಿಸಿದವರು ಮೇಡಮ್ಮೇ. ಅರ್ಜಿಯಲ್ಲಿ ‘ಆರು ತಿಂಗಳ ಚಿಕಿತ್ಸೆ ಬೇಕಾದ ಕಾಯಿಲೆ’ ಎಂದಷ್ಟೇ ಬರೆಸಿ, ವೈದ್ಯರ ಪತ್ರ ಮತ್ತು ಚಿಕಿತ್ಸಾ ಕಾರ್ಡಿನ ಪ್ರತಿಯನ್ನು ಅರಗು ಹಾಕಿದ ಲಕೋಟೆಯಲ್ಲಿ ‘ಪ್ರಾಂಶುಪಾಲರು ಖುದ್ದು ತೆರೆಯತಕ್ಕದ್ದು’ ಎಂದು ಬರೆದು ಸೇರಿಸಿದರು. ಆ ಕಾರ್ಡು ದೊಡ್ಡ ಸಾಕ್ಷಿಯಾಯಿತು. ಮಾತ್ರೆ ಶುರುವಾದ ತಾರೀಖು, ನಿಕ್ಷಯ್ ಸಂಖ್ಯೆ ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ಹಿಂದಿನ ತಾರೀಖು ಹಾಕಿಸಿಕೊಂಡು ಬಂದ ಸರ್ಟಿಫಿಕೇಟು ಎಂದು ಯಾರೂ ಹೇಳುವಂತಿರಲಿಲ್ಲ. ಟಪಾಲು ವಿಭಾಗದವರು ಸ್ವೀಕೃತಿ ಮೊಹರು ಹಾಕಲು ಒಪ್ಪದಾಗ, ಚಿಕ್ಕಪ್ಪ ಅದೇ ದಿನ ಇನ್ನೊಂದು ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ.

ಉತ್ತರ ಬರಲಿಲ್ಲ. ಹಾಗಾಗಿ ಯುಜಿಸಿಯ 2023ರ ನಿಯಮಾವಳಿಯಡಿ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಕೊಟ್ಟೆವು. ಒರಿಜಿನಲ್ ದಾಖಲೆ ತಡೆಹಿಡಿಯುವುದನ್ನೂ ಆ ನಿಯಮಾವಳಿ ಕುಂದುಕೊರತೆ ಎಂದೇ ಎಣಿಸುತ್ತದೆ. ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ವಿದ್ಯಾರ್ಥಿಯ ಪರವಾಗಿ ಬೇರೆಯವರೂ ಹಾಜರಾಗಬಹುದು ಎಂಬುದು ನಮಗೆ ವರವಾಯಿತು. ನಾನು ಮನೆಯಲ್ಲಿ ಮಲಗಿದ್ದೆ, ಚಿಕ್ಕಪ್ಪ ಕಾಗದಗಳ ಫೈಲು ಹಿಡಿದು ಹೋಗಿ ಕೂತ. ಕೊನೆಯ ಮಾರ್ಗವಾಗಿ ಹೈಕೋರ್ಟಿನಲ್ಲಿ ರಿಟ್ ಹಾಕುವ ಸಿದ್ಧತೆಯೂ ನಡೆದಿತ್ತು. ಅದು ಬೇಕಾಗಲಿಲ್ಲ.

ಸಮಿತಿಯ ಶಿಫಾರಸಿನಂತೆ ನನ್ನ ಸೆಮಿಸ್ಟರ್ ‘ತಾತ್ಕಾಲಿಕ ವಿರಾಮ’ ಎಂದು ದಾಖಲಾಯಿತು. ಕಟ್ಟಿದ್ದ ಫೀಸು ಮುಂದಿನ ಸಾಲಿಗೆ ಹೊಂದಾಣಿಕೆಯಾಯಿತು. ಎರಡು ವರ್ಷದ ಫೀಸಿನ ಮಾತನ್ನು ಕೈಬಿಟ್ಟರು. ಆದರೂ ಒಂದು ವರ್ಷ ಹೋಗಿಯೇ ಹೋಯಿತು. ಮೂರನೇ ಸೆಮಿಸ್ಟರ್ ಶುರುವಾಗುವುದು ವರ್ಷಕ್ಕೊಂದೇ ಸಲ. 2025ರಲ್ಲಿ ಕಿರಿಯರ ಜೊತೆ ಕೂತೆ. ಬಿಇ ಮುಗಿಸಲು ಒಟ್ಟು ಎಂಟು ವರ್ಷದ ಮಿತಿ ಇರುವುದರಿಂದ ಅವಧಿ ಮೀರುವ ಭಯವೇನೂ ಇಲ್ಲ.

ಹಾಸ್ಟೆಲ್ಲು, ಮೆಸ್ಸಿನ ಹಣ ಮಾತ್ರ ಬರಲಿಲ್ಲ. ಉಣ್ಣದ ಊಟಕ್ಕೆ ದುಡ್ಡು ಇಟ್ಟುಕೊಂಡದ್ದು ಸರಿಯೆಂದು ನನಗೆ ಇವತ್ತಿಗೂ ಅನಿಸಿಲ್ಲ. ಮೇಲ್ಮನವಿ ಹಾಕೇಬಿಡೋಣ ಎಂದು ಅಪ್ಪ ಹೊರಟಿದ್ದ. ಆಗಿನ್ನೂ ನನ್ನ ಮಾತ್ರೆ ಮುಗಿದಿರಲಿಲ್ಲ, ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದವು. ಬೇಡ ಎಂದು ನಾನೇ ತಡೆದೆ.