ಸಮೀಕರಣದಿಂದ ಸರಳರೇಖೆಯ ಇಳಿಜಾರನ್ನು ತಿಳಿಯುವ ಕ್ರಮ

ನಮ್ಮ ಶಾಲೆಯಲ್ಲಿ ಕಲಿತು ಈಗ ತಾಯಂದಿರಾಗಿರುವ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ಪೋಷಕರೂ ಈ ಸಂಚಿಕೆಯನ್ನು ಓದುವರಾದ್ದರಿಂದ, ಗಣಿತದ ಒಂದು ಚಿಕ್ಕ ಪಾಠವನ್ನು ಅವರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ. ಹೈಸ್ಕೂಲಿನ ಒಂಬತ್ತನೆಯ ತರಗತಿಯಲ್ಲಿ ಹುಡುಗಿಯರು ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣವನ್ನು ಕಲಿಯುತ್ತಾರೆ. ಪದವಿಪೂರ್ವ ಕಾಲೇಜಿನ ಮೊದಲನೆಯ ವರ್ಷದಲ್ಲಿ ಅಂಥ ರೇಖೆಯ ಇಳಿಜಾರನ್ನು ಕೇಳಲಾಗುತ್ತದೆ. ಸೂತ್ರವನ್ನು ಬಾಯಿಪಾಠ ಮಾಡಿ ಅರ್ಥವನ್ನು ಬಿಟ್ಟವರು ಇಲ್ಲಿ ಎಡವುತ್ತಾರೆ; ಎಡವಿದ ಜಾಣೆಯರೂ "ಲೆಕ್ಕವು ನಮಗೆ ಒಗ್ಗದು" ಎಂದು ಮುಂದಿನ ವಿಜ್ಞಾನದ ಓದನ್ನೇ ತೊರೆಯುವುದುಂಟು. ಆದಕಾರಣ ಮೊದಲು ಅರ್ಥವನ್ನು ನೋಡೋಣ.

ಇಳಿಜಾರು ಎಂದರೇನು? ರೈಲುಮಾರ್ಗದ ಬದಿಯಲ್ಲಿ ಹಳಿಗಳ ಏರಿಳಿತವನ್ನು ತಿಳಿಸುವ ಚಿಕ್ಕ ಫಲಕಗಳಿರುತ್ತವೆ. ಕ್ಯಾಸಲ್‌ರಾಕಿನಿಂದ ಗೋವೆಯ ಕಡೆಗೆ ಇಳಿಯುವ ಘಟ್ಟದ ದಾರಿಯು 37ಕ್ಕೆ 1ರಷ್ಟು ಕಡಿದು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವುದು 50ಕ್ಕೆ 1ರಷ್ಟು. ಅಂದರೆ ಮೊದಲಿನ ದಾರಿಯಲ್ಲಿ 37 ಅಡಿ ಸಾಗುವಾಗಲೂ ಎರಡನೆಯದರಲ್ಲಿ 50 ಅಡಿ ಸಾಗುವಾಗಲೂ ಎತ್ತರದಲ್ಲಿ 1 ಅಡಿಯ ವ್ಯತ್ಯಾಸವಾಗುವುದು. 1/37 ಎಂಬುದು 1/50ಕ್ಕಿಂತ ದೊಡ್ಡದಾದ್ದರಿಂದ ಮೊದಲಿನದೇ ಹೆಚ್ಚು ಕಡಿದಾದುದು. ಹೀಗೆ ಎತ್ತರದ ವ್ಯತ್ಯಾಸವನ್ನು ಅಡ್ಡಲಾಗಿ ಸಾಗಿದ ದೂರದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಇಳಿಜಾರು. ನಕ್ಷೆಯಲ್ಲಿ ನಾವು ಎಡದಿಂದ ಬಲಕ್ಕೆ ಸಾಗುವೆವು. ರೇಖೆ ಏರಿದರೆ ಇಳಿಜಾರು ಧನ, ಇಳಿದರೆ ಋಣ. ಸರಳರೇಖೆಯಲ್ಲಿ ಎಲ್ಲಿ ಅಳೆದರೂ ಈ ಸಂಖ್ಯೆ ಒಂದೇ ಆಗಿರುವುದು.

ಇನ್ನು ಸಮೀಕರಣಕ್ಕೆ ಬರೋಣ. ತೊಗರಿಯ ಚೀಲಗಳನ್ನು ಹೊಲದಿಂದ ಕಲಬುರಗಿಯ ಮಾರುಕಟ್ಟೆಗೆ ಸಾಗಿಸುವವನು ಗಾಡಿಗೆ 200 ರೂಪಾಯಿಯನ್ನೂ, ಅದರ ಮೇಲೆ ಚೀಲವೊಂದಕ್ಕೆ 15 ರೂಪಾಯಿಯನ್ನೂ ಕೇಳುತ್ತಾನೆಂದು ಇಟ್ಟುಕೊಳ್ಳೋಣ. ಚೀಲಗಳ ಸಂಖ್ಯೆ ಕ್ಷ, ಒಟ್ಟು ಬಾಡಿಗೆ ಯ ಆದರೆ,

ಯ = 15ಕ್ಷ + 200.

10 ಚೀಲಕ್ಕೆ 350, 11ಕ್ಕೆ 365; 30 ಚೀಲಕ್ಕೆ 650, 31ಕ್ಕೆ 665. ಎಲ್ಲಿ ನೋಡಿದರೂ ಒಂದು ಚೀಲ ಹೆಚ್ಚಿದರೆ 15 ರೂಪಾಯಿ ಹೆಚ್ಚುವುದು. ಆದ್ದರಿಂದ ಇಳಿಜಾರು 15. ಗಾಡಿಯ ಬಾಡಿಗೆಯನ್ನು 200ರಿಂದ 300ಕ್ಕೆ ಏರಿಸಿದರೆ ರೇಖೆಯು ಮೇಲಕ್ಕೆ ಸರಿಯುವುದೇ ಹೊರತು ಅದರ ಇಳಿಜಾರು ಬದಲಾಗದು. ಇದರಿಂದ ತಿಳಿಯತಕ್ಕದ್ದೇನೆಂದರೆ: ಯ ಒಂದೇ ಒಂದು ಪಕ್ಕದಲ್ಲಿ, ಬೇರೆ ಸಂಖ್ಯೆಯ ಸಂಗಡವಿಲ್ಲದೆ ನಿಂತಾಗ, ಮತ್ತೊಂದು ಪಕ್ಕದಲ್ಲಿರುವ ಕ್ಷದ ಸಹಗುಣಕವೇ ಇಳಿಜಾರು.

ಆದರೆ ಎಲ್ಲ ಸಮೀಕರಣಗಳೂ ಹೀಗೆ ಸಿದ್ಧವಾಗಿ ಬರುವುದಿಲ್ಲ. ಗಾಜಿಪುರದ ಗೃಹಿಣಿಯೊಬ್ಬಳು 600 ರೂಪಾಯಿಯಲ್ಲಿ ಜೋಳವನ್ನೂ ತೊಗರಿಬೇಳೆಯನ್ನೂ ಕೊಳ್ಳಬೇಕಾಗಿದೆ ಎನ್ನೋಣ. ಜೋಳ ಕಿಲೋಗ್ರಾಮಿಗೆ 40, ಬೇಳೆ 120 ರೂಪಾಯಿ ಆಗಿರಲಿ. ಜೋಳ ಕ್ಷ ಕಿಲೋ, ಬೇಳೆ ಯ ಕಿಲೋ ಎಂದರೆ,

40ಕ್ಷ + 120ಯ = 600.

ಕ್ಷದ ಪದವನ್ನು ಆಚೆಗೆ ಸಾಗಿಸಿದರೆ, 120ಯ = −40ಕ್ಷ + 600.
ಎಲ್ಲವನ್ನೂ 120ರಿಂದ ಭಾಗಿಸಿದರೆ, ಯ = −(1/3)ಕ್ಷ + 5.

ಇಳಿಜಾರು −1/3. ಇದರ ಅರ್ಥವನ್ನು ಅಡಿಗೆಮನೆಯೇ ಹೇಳುವುದು: 3 ಕಿಲೋ ಜೋಳ ಹೆಚ್ಚು ಬೇಕಾದರೆ 1 ಕಿಲೋ ಬೇಳೆಯನ್ನು ಬಿಟ್ಟುಕೊಡಬೇಕು.

ಮಕ್ಕಳು ಇಲ್ಲಿ ಸಾಮಾನ್ಯವಾಗಿ ಮೂರು ಬಗೆಯಲ್ಲಿ ತಪ್ಪುತ್ತಾರೆ. ಕ್ಷದ ಮುಂದಿರುವ 40ನ್ನೇ ಇಳಿಜಾರು ಎನ್ನುವುದು ಒಂದು. ಹಾಗಾದರೆ ಒಂದು ಕಿಲೋ ಜೋಳದೊಡನೆ 40 ಕಿಲೋ ಬೇಳೆ ಹೆಚ್ಚಿಗೆ ಸಿಕ್ಕಬೇಕಾಗುವುದು! ಋಣಚಿಹ್ನೆಯನ್ನು ಮರೆಯುವುದು ಎರಡನೆಯದು. ಆಗ ಅದೇ ಹಣಕ್ಕೆ ಎರಡೂ ಧಾನ್ಯಗಳು ಹೆಚ್ಚುತ್ತ ಹೋಗಬೇಕು. ಅಂಥ ಅಂಗಡಿ ಯಾವ ಊರಿನಲ್ಲಿಯೂ ಇಲ್ಲ. ಸಹಗುಣಕಗಳನ್ನು ತಲೆಕೆಳಗಾಗಿ ಭಾಗಿಸಿ −3 ಎನ್ನುವುದು ಮೂರನೆಯದು; ಆಗ ಅಗ್ಗದ ಒಂದು ಕಿಲೋ ಜೋಳಕ್ಕಾಗಿ ತುಟ್ಟಿಯ ಮೂರು ಕಿಲೋ ಬೇಳೆಯನ್ನು ಕೊಟ್ಟಂತಾಗುವುದು. ಅರ್ಥವನ್ನು ಬಲ್ಲವಳು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವಳು.

ಎರಡು ವಿಶೇಷ ಸಂಗತಿಗಳನ್ನೂ ನೆನಪಿಡತಕ್ಕದ್ದು. ಯ = 5 ಎಂಬ ರೇಖೆ ಮಟ್ಟಸವಾಗಿರುವುದು; ಅದರ ಇಳಿಜಾರು ಸೊನ್ನೆ. ಕ್ಷ = 5 ಎಂಬುದು ನೆಟ್ಟಗೆ ನಿಲ್ಲುವುದು; ಅಲ್ಲಿ ಅಡ್ಡದ ದೂರವೇ ಸೊನ್ನೆ, ಸೊನ್ನೆಯಿಂದ ಭಾಗಿಸಲಾಗದು; ಆದ್ದರಿಂದ ಅದಕ್ಕೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲ.

ಒಂದು ಹೆಚ್ಚಿದರೆ ಇನ್ನೊಂದು ಎಷ್ಟಾಗುವುದೆಂಬ ವಿಚಾರವು ನಮ್ಮ ಸೀಮೆಗೆ ಹೊಸದಲ್ಲ. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವು ಹಿಂದೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿ ತ್ರೈರಾಶಿಕಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂಬುದೇ ತ್ರೈರಾಶಿಕ. ಬದಲಾಗದ ಆ ಪ್ರಮಾಣವೇ ಇಳಿಜಾರಿನ ತಿರುಳು. ಸಮೀಕರಣವನ್ನೂ ರೇಖೆಯನ್ನೂ ಒಂದಕ್ಕೊಂದು ಜೋಡಿಸುವ ಮಾರ್ಗವನ್ನು ಫ್ರಾನ್ಸಿನ ದೇಕಾರ್ತನು 1637ರಲ್ಲಿ ಪ್ರಕಟಿಸಿದನು. ಹಳೆಯ ತ್ರೈರಾಶಿಕವನ್ನು ಬಲ್ಲ ಅಜ್ಜಿಯೂ ಹೊಸ ನಕ್ಷೆಯನ್ನು ಬರೆಯುವ ಮೊಮ್ಮಗಳೂ ಒಂದೇ ಲೆಕ್ಕವನ್ನು ಮಾಡುವವರೆಂದು ಹೇಳಬಹುದು.

ಅಭ್ಯಾಸಕ್ಕಾಗಿ 3ಕ್ಷ − 2ಯ = 8 ಎಂಬುದನ್ನು ಕೊಟ್ಟಿದ್ದೇವೆ. ಯವನ್ನು ಒಂಟಿಯಾಗಿ ನಿಲ್ಲಿಸಿದರೆ ಯ = (3/2)ಕ್ಷ − 4 ಎಂದಾಗಿ, ಇಳಿಜಾರು 3/2 ಬರಬೇಕು. ಕ್ಷ 4 ಆದಾಗ ಯ 2, ಕ್ಷ 6 ಆದಾಗ ಯ 5. 2 ಹೆಜ್ಜೆಗೆ 3ರ ಏರಿಕೆ, ಉತ್ತರ ಸರಿ. ಪೋಷಕರು ಸಂಜೆಯ ಹೊತ್ತು ಮಗಳ ಪುಸ್ತಕವನ್ನು ತೆರೆದು, "ಕ್ಷ ಒಂದು ಹೆಚ್ಚಿದರೆ ಯ ಎಷ್ಟು ಬದಲಾಯಿತು, ತಾಯಿ?" ಎಂದು ಕೇಳಿದರೆ ಸಾಕು. ಸೂತ್ರವನ್ನು ತಾವು ಅರಿಯದಿದ್ದರೂ ಚಿಂತೆಯಿಲ್ಲ. ಆ ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕುವ ಹುಡುಗಿಗೆ ಲೆಕ್ಕವು ಒಗ್ಗದೆಂಬ ಮಾತು ಬಹುಕಾಲ ನಿಲ್ಲಲಾರದು.